ಮುಂದಿನವರು ನೋಡಿಕೊಳ್ಳಲಿ

ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಕಡಲಿಗೆ ಮುಖ ಮಾಡಿ ನಿಂತಿದ್ದ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಅಪಾರ್ಟ್‌ಮೆಂಟಿನ ಮಾಲೀಕರು ರಿಪೇರಿಯ ಮೊದಲ ಕಂತು ಕಟ್ಟಬೇಕಿದ್ದದ್ದು 2021ರ ಜುಲೈ 1ಕ್ಕೆ. ಜೂನ್ 24ರ ರಾತ್ರಿ ಒಂದೂಕಾಲು ದಾಟಿದ ಹೊತ್ತಿಗೆ ಆ 12 ಅಂತಸ್ತಿನ ಕಟ್ಟಡದ ಸುಮಾರು ಅರ್ಧ ಭಾಗ ಕುಸಿಯಿತು. 98 ಜನ ಸತ್ತರು. ಎಂಜಿನಿಯರುಗಳು ಇದನ್ನು ಕಾಂಕ್ರೀಟಿನ ಕಥೆಯಾಗಿ ಓದುತ್ತಾರೆ. ನಾನು ಮೀಟಿಂಗುಗಳ ಕಥೆಯಾಗಿ ಓದುತ್ತೇನೆ. ಅಪಾರ್ಟ್‌ಮೆಂಟಿನ ಜನರಲ್ ಬಾಡಿಯಲ್ಲಿ ಒಮ್ಮೆಯಾದರೂ ಕೂತು ಎದ್ದವರಿಗೆ ಇದರ ಅರ್ಧ ಸಂಭಾಷಣೆ ಬಾಯಿಪಾಠವೇ ಇರುತ್ತದೆ.

ಕಟ್ಟಡ 1981ರದು, ಮನೆಗಳು 136. ಮಯಾಮಿ-ಡೇಡ್ ಕೌಂಟಿಯಲ್ಲಿ ಆಗ 40 ವರ್ಷ ತುಂಬಿದ ಕಟ್ಟಡಕ್ಕೆ ಮರುಪರೀಕ್ಷೆ ಕಡ್ಡಾಯವಿತ್ತು. ಅದರ ತಯಾರಿಗೆಂದು 2018ರಲ್ಲಿ ಬಂದ ಎಂಜಿನಿಯರು ಈಜುಕೊಳದ ಸುತ್ತಲ ಚಪ್ಪಡಿಯ ಬಗ್ಗೆ ಬರೆದದ್ದು ನಮ್ಮ ಯಾವ ಗಾರೆಯವನಿಗೂ ಅರ್ಥವಾಗುವ ಮಾತು: ವಾಟವೇ ಇಲ್ಲ. ಸಮತಟ್ಟಾಗಿ ಹಾಕಿದ್ದರಿಂದ ನೀರು ಹರಿಯದೆ ನಿಂತಿದೆ, ವಾಟರ್‌ಪ್ರೂಫಿಂಗ್ ಸತ್ತಿದೆ, ಕೆಳಗಿನ ಕಾಂಕ್ರೀಟು ಕೆಟ್ಟಿದೆ, ತಡಮಾಡಿದಷ್ಟೂ ಹಾನಿ ದುಪ್ಪಟ್ಟಾಗುತ್ತಾ ಹೋಗುತ್ತದೆ. ಅಂದಾಜು ಖರ್ಚು ಸುಮಾರು 90 ಲಕ್ಷ ಡಾಲರ್. ಮರು ತಿಂಗಳೇ ಊರಿನ ಕಟ್ಟಡ ಅಧಿಕಾರಿ ಸಭೆಗೆ ಬಂದು ಕಟ್ಟಡ ಚೆನ್ನಾಗಿಯೇ ಇದೆ ಎಂದು ಹೇಳಿ ಹೋದದ್ದು ನಡಾವಳಿಯಲ್ಲಿ ದಾಖಲಾಗಿದೆ. ಆ ಮಾತು ಕೇಳಿದ ಮೇಲೆ ಯಾರ ಕೈ ಜೇಬಿಗೆ ಹೋದೀತು?

ಜಗಳ ಜೋರಾದದ್ದು 2019ರಲ್ಲಿ. ಏಳು ಜನರ ಮಂಡಳಿಯಲ್ಲಿ ಐವರು ಎರಡು ವಾರದೊಳಗೆ ರಾಜೀನಾಮೆ ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಅಂತೂ ವಿಶೇಷ ವಂತಿಗೆ ನಿಗದಿಯಾದಾಗ ಬಾಬ್ತು 1.5 ಕೋಟಿ ಡಾಲರಿಗೆ ಏರಿತ್ತು. ಒಂದು ಬೆಡ್‌ರೂಮಿನವರ ಪಾಲಿಗೆ ಸುಮಾರು 80,000, ಪೆಂಟ್‌ಹೌಸಿನವರ ಪಾಲಿಗೆ 3,36,000. ಸಂಘದ ಮೀಸಲು ನಿಧಿಯಲ್ಲಿ ಇದ್ದದ್ದು 10 ಲಕ್ಷ ಡಾಲರಿಗೂ ಕಡಿಮೆ.

ನಿಧಿ ಹೀಗೆ ಬತ್ತಿದ್ದರಲ್ಲಿ ಕಾನೂನು ಮುರಿದವರು ಯಾರೂ ಇಲ್ಲ. ಚಾವಣಿ, ಬಣ್ಣ, ದೊಡ್ಡ ದುರಸ್ತಿಗಳಿಗೆ ವರ್ಷವರ್ಷ ಹಣ ಎತ್ತಿಡಬೇಕೆಂದು ಫ್ಲಾರಿಡಾದ ಕಾಂಡೋ (ಅಪಾರ್ಟ್‌ಮೆಂಟ್) ಕಾಯ್ದೆ ಒಂದು ಕೈಯಲ್ಲಿ ಹೇಳಿ, ಬಹುಮತವಿದ್ದರೆ ಆ ವರ್ಷಕ್ಕೆ ಅದನ್ನು ಕೈಬಿಡಬಹುದೆಂದು ಇನ್ನೊಂದು ಕೈಯಲ್ಲಿ ಬಿಟ್ಟಿತ್ತು. ನನ್ನ ತಕರಾರಿರುವುದು ಈ ಪದ್ಧತಿಯ ಮೇಲೆ. ಕೈ ಎತ್ತುವವರು ಯಾರು ನೋಡಿ: ಪಿಂಚಣಿಯಲ್ಲಿ ಬದುಕುವ ಮುದುಕರು, ಬಾಡಿಗೆಗೆ ಕೊಟ್ಟು ದೂರದಲ್ಲಿರುವವರು, ಮುಂದಿನ ವರ್ಷ ಮಾರಿ ಹೋಗುವವರು. ಮೇಂಟೆನೆನ್ಸ್ ಕಡಿಮೆಯಿದ್ದರೆ ಫ್ಲ್ಯಾಟು ಬೇಗ ಮಾರಾಟವಾಗುತ್ತದೆ ಕೂಡ. ಹತ್ತು ವರ್ಷದ ನಂತರ ಆ ಮನೆ ಕೊಳ್ಳುವವನಿಗೆ ಸಭೆಯಲ್ಲಿ ಕುರ್ಚಿಯಿಲ್ಲ, ಬಿಲ್ಲು ಮಾತ್ರ ಅವನ ಹೆಸರಿಗೆ. ಇಂಥದ್ದಕ್ಕೆ ಬಹುಮತದ ಮುದ್ರೆ ಒತ್ತಿದರೆ ಅದು ಪ್ರಜಾಪ್ರಭುತ್ವವಾಗುವುದಿಲ್ಲ. ಅದು ಮಕ್ಕಳ ಹೆಸರಲ್ಲಿ ಅಪ್ಪ ಮಾಡುವ ಸಾಲ.

ಆದರೆ ಜಿಪುಣತನಕ್ಕೆ ಜೀವ ತೆತ್ತರು ಎಂದು ಆ ಮಾಲೀಕರ ಮೇಲೆ ಷರಾ ಬರೆಯುವುದನ್ನು ನಾನು ಒಪ್ಪಲಾರೆ. ಎಂಬತ್ತು ದಾಟಿದ ವಿಧವೆಯ ಮುಂದೆ 80,000 ಡಾಲರಿನ ಚೀಟಿ ಇಟ್ಟರೆ ಅವಳು ಲೆಕ್ಕ ಕೇಳುವುದು ತಪ್ಪಲ್ಲ. ಕೊಡದಿದ್ದರೆ ಮನೆಯ ಮೇಲೆ ಬೋಜಾ ಕೂರಿಸಿ ಹರಾಜಿಗೆ ಹಾಕುವ ಅಧಿಕಾರ ಸಂಘಕ್ಕಿತ್ತು. ಅದೂ ಅಲ್ಲದೆ 2018ರ ವರದಿ ಕಟ್ಟಡ ಬಿದ್ದೇ ಬೀಳುತ್ತದೆ ಎಂದು ಎಲ್ಲೂ ಹೇಳಿರಲಿಲ್ಲ. ಕುಸಿತದ ತನಿಖೆಗಿಳಿದ ಅಮೆರಿಕದ ನಿಸ್ಟ್ ಸಂಸ್ಥೆ, ಈಜುಕೊಳದ ಚಪ್ಪಡಿಯ ಮೂಲ ವಿನ್ಯಾಸವೇ ಆ ಕಾಲದ ನಿಯಮಗಳಿಗೆ ತಕ್ಕಂತಿರಲಿಲ್ಲ ಎಂಬುದನ್ನು ಕಂಡುಕೊಂಡಿತು. ಮೇಲೆ ಆಮೇಲಾಮೇಲೆ ಹೂಕುಂಡಗಳ ಭಾರ ಬೇರೆ. ಅಂದರೆ ಮಾಲೀಕರು ಮೂರು ವರ್ಷ ಕಿತ್ತಾಡಿದ್ದು ಹುಟ್ಟಿನಿಂದಲೇ ಬಲಹೀನವಾಗಿದ್ದ ಒಂದು ದೇಹದ ಔಷಧದ ಖರ್ಚಿಗಾಗಿ.

ಸರ್ಕಾರದ ಕೈಯೂ ಶುದ್ಧವಲ್ಲ. ಎತ್ತರದ ಕಾಂಡೋಗಳನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂದು 2008ರಲ್ಲಿ ಬಂದಿದ್ದ ಕಾನೂನನ್ನು, ಖರ್ಚು ಹೆಚ್ಚೆಂಬ ಕೂಗಿಗೆ ಮಣಿದು, 2010ರಲ್ಲಿ ರದ್ದು ಮಾಡಿದ್ದು ಫ್ಲಾರಿಡಾದ ಶಾಸನಸಭೆಯೇ. ಕುಸಿತದ ನಂತರ, 2022ರಲ್ಲಿ, ಮೂರು ಮತ್ತು ಅದಕ್ಕೂ ಹೆಚ್ಚು ಅಂತಸ್ತಿನ ಕಟ್ಟಡಗಳಿಗೆ 30 ವರ್ಷಕ್ಕೆ ತಪಾಸಣೆ, ಆಮೇಲೆ ಪ್ರತಿ 10 ವರ್ಷಕ್ಕೊಮ್ಮೆ ಎಂಬ ನಿಯಮ ಬಂತು. ಕಟ್ಟಡದ ಗಟ್ಟಿತನಕ್ಕೆ ಸಂಬಂಧಿಸಿದ ನಿಧಿಯನ್ನು ಮತ ಹಾಕಿ ಮನ್ನಾ ಮಾಡಿಕೊಳ್ಳುವ ದಾರಿ 2024ರ ಕೊನೆಗೆ ಮುಚ್ಚಿತು. ಕಠಿಣ, ಆದರೂ ಸರಿಯಾದ ಕಾನೂನೆಂದೇ ನನ್ನ ಅಭಿಪ್ರಾಯ. ಅದು ಎಡವಿದ್ದು ವೇಗದಲ್ಲಿ: ನಲವತ್ತು ವರ್ಷದ ಬಾಕಿಯನ್ನು ಎರಡು ಮೂರು ವರ್ಷದಲ್ಲಿ ವಸೂಲು ಮಾಡಲು ಹೊರಟಿತು. ಹಳೆಯ ಕಾಂಡೋಗಳಲ್ಲಿ ಗೋಳೆದ್ದಿತು. 2025ರಲ್ಲಿ ಸರ್ಕಾರ ಹಗ್ಗ ಸಡಿಲಿಸಿ, ನಿಧಿಯ ಬದಲು ಸಾಲವನ್ನೂ ತೋರಿಸಬಹುದು, ತಪಾಸಣೆಯಲ್ಲಿ ಕಂಡ ರಿಪೇರಿಗಾಗಿ ಎರಡು ವರ್ಷದವರೆಗೆ ನಿಧಿ ಕಟ್ಟುವುದನ್ನು ತಡೆಹಿಡಿಯಬಹುದು ಎಂದಿತು. ಕರುಣೆಯೇನೋ ಹೌದು. ಆದರೆ ಸಾಲವೆಂದರೆ ಅದೇ ಹಳೆಯ ‘ಆಮೇಲೆ ನೋಡೋಣ’, ಬಡ್ಡಿ ಸಮೇತ.

ಬೆಂಗಳೂರಿನಲ್ಲಿ ಕೂತು ಇದನ್ನು ದೂರದ ಸುದ್ದಿಯೆಂದು ಓದಲಾಗುವುದಿಲ್ಲ. 1972ರ ನಮ್ಮ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ತಿರುಳೂ ಇದೇ: ಅವಿಭಾಜ್ಯ ಪಾಲಿಗೆ ತಕ್ಕಂತೆ ಖರ್ಚು. ಗ್ರೌಂಡ್ ಫ್ಲೋರಿನವರು ‘ಲಿಫ್ಟೇ ಹತ್ತದ ನಮಗೇಕೆ ಲಿಫ್ಟಿನ ದುಡ್ಡು’ ಎಂದು ಎಷ್ಟೇ ರಾಗ ಎಳೆದರೂ ಬಳಸದಿರುವುದು ವಿನಾಯಿತಿಗೆ ಕಾರಣವಲ್ಲವೆಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಆದರೆ ಸಿಂಕಿಂಗ್ ಫಂಡ್ (ಮೀಸಲು ನಿಧಿ) ಎಷ್ಟಿರಬೇಕೆಂಬ ಪ್ರಶ್ನೆ ಬಂದಾಗ ಎಲ್ಲವೂ ಬೈಲಾಗೆ, ಅಂದರೆ ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿಗೆ ಬಂದ ನಾಲ್ಕು ಜನರ ಮರ್ಜಿಗೆ. ಹೊರಗೋಡೆಗೆ ಬಣ್ಣವೆಂದರೆ ಕೈಗಳು ಏಳುತ್ತವೆ, ಬೇಸ್‌ಮೆಂಟಿನ ಸೀಪೇಜ್ ಎಂದರೆ ಕಾಫಿಯ ಹೊತ್ತಾಗಿರುತ್ತದೆ.

ಸರ್ಫ್‌ಸೈಡ್‌ನ ಜಗಳ ಕಟ್ಟಡದ ಜೊತೆ ಬೀಳಲಿಲ್ಲ. ರಿಪೇರಿ ಮಾಡಿಸದ ಸಂಘವೆಂದರೆ ಮಾಲೀಕರೇ, ಆದ್ದರಿಂದ ಸತ್ತವರ ಕುಟುಂಬಗಳಿಗೆ ಉಳಿದ ಮಾಲೀಕರು ತಮ್ಮ ಮನೆಯ ಬೆಲೆಯ ಮಿತಿಯವರೆಗೆ ಹೊಣೆಯಾಗಬೇಕಾದೀತು ಎಂಬ ವಾದ ಕೋರ್ಟಿನಲ್ಲಿ ಎದ್ದಿತು. ರಾಜಿಯಾಗಿ, 100 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರದಲ್ಲಿ ಮನೆ ಕಳೆದುಕೊಂಡವರಿಗೆ 9.6 ಕೋಟಿ ಸಂದಿತು. ನಿವೇಶನವನ್ನು ದುಬೈನ ಡಮಾಕ್ ಕಂಪನಿ 12 ಕೋಟಿ ಡಾಲರಿಗೆ ಕೊಂಡಿತು. 136 ಮನೆಗಳಿದ್ದ ಆ ಜಾಗದಲ್ಲಿ 37 ಮನೆಗಳ ಹೊಸ ಕಟ್ಟಡ ಬರಲಿದೆ. ಮಾರಾಟಕ್ಕಿಟ್ಟಾಗ ಅದರಲ್ಲಿ ಒಂದು ಮನೆಯ ಆರಂಭದ ಬೆಲೆ 1.5 ಕೋಟಿ ಡಾಲರ್.