ಮಾರ್ಚ್ 29: ಒಂದು ಸಾಲು, ಒಂದು ಕಾದಂಬರಿ



ನಮ್ಮ ಬಳಗದ ಪತ್ರಕ್ಕೆ ‘ಇತಿಹಾಸದಲ್ಲಿ ಈ ದಿನ’ ಎಂಬ ಪಟ್ಟಿ ಮಾಡಿಕೊಡುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಹಗಲೆಲ್ಲ ಡೇಟಾಬೇಸ್ ಜೊತೆ ಗುದ್ದಾಡುವವನಿಗೆ ಇದೇನು ಮಹಾ ಎಂದುಕೊಂಡೆ. ತಾರೀಖು ಒಂದು ಕಾಲಂ, ಘಟನೆ ಇನ್ನೊಂದು ಕಾಲಂ, ಮುಗಿಯಿತು! ಮಾರ್ಚ್ 29ರವರೆಗೆ ಎಲ್ಲ ಸಲೀಸಾಗಿಯೇ ನಡೆಯಿತು. 1857, ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬ್ರಿಟಿಷ್ ಅಧಿಕಾರಿಗಳ ಮೇಲೆ ತಿರುಗಿಬಿದ್ದ ದಿನ. 1973, ಅಮೆರಿಕದ ಕೊನೆಯ ಯುದ್ಧಪಡೆಗಳು ವಿಯೆಟ್ನಾಂ ಬಿಟ್ಟ ದಿನ. ನಾನು ನೋಡಿದ ಪಟ್ಟಿಗಳಲ್ಲಿ ಇವೆರಡೂ ಇದ್ದವು. 1943 ಇರಲಿಲ್ಲ. ನಾನೇ ಸೇರಿಸಿದೆ: ‘ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ಕಯ್ಯೂರಿನ ನಾಲ್ವರಿಗೆ ಗಲ್ಲು.’

ಸೇರಿಸಿದ ಮೇಲೂ ಸಮಾಧಾನವಾಗಲಿಲ್ಲ. ಆ ಸಾಲಿನಲ್ಲಿ ತಪ್ಪೇನೂ ಇಲ್ಲ, ಆದರೆ ಯಾರೂ ಇಲ್ಲ. ಹಾಗಾಗಿ ಕಪಾಟಿನಿಂದ ನಿರಂಜನರ ‘ಚಿರಸ್ಮರಣೆ’ ತೆಗೆದು, ಕಾಲೇಜಿನ ದಿನಗಳ ನಂತರ ಮೊದಲ ಸಲ, ಮತ್ತೆ ಓದಿದೆ.

ಓದದವರಿಗಾಗಿ ಎರಡು ಮಾತು. ಕಯ್ಯೂರು ತೇಜಸ್ವಿನಿ ಹೊಳೆಯ ದಂಡೆಯ ಹಳ್ಳಿ. ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು. ಜಮೀನ್ದಾರರ ವಸೂಲಿಗೆ ಬೇಸತ್ತ ಗೇಣಿದಾರರು ರೈತಸಂಘ ಕಟ್ಟಿಕೊಂಡಿದ್ದರು. ಪೊಲೀಸರ ದಬ್ಬಾಳಿಕೆಯನ್ನು ಪ್ರತಿಭಟಿಸಿ 1941ರ ಮಾರ್ಚ್ 28ರಂದು ಮೆರವಣಿಗೆ ಹೊರಟಾಗ ಸುಬ್ಬರಾಯ ಎಂಬ ಪೊಲೀಸ್ ಪೇದೆ ಎದುರಾದ. ಜನರ ಸಿಟ್ಟು ಆತನ ಮೇಲೆ ತಿರುಗಿತು. ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ, ಕಲ್ಲುಗಳು ಬಿದ್ದವು, ಆತ ಬದುಕಲಿಲ್ಲ. ಆ ಸಾವಿಗಾಗಿ ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು ಎರಡು ವರ್ಷದ ಮೇಲೆ ಗಲ್ಲಿಗೇರಿಸಿದರು. ಐದನೆಯವನೊಬ್ಬ ಇನ್ನೂ ಪ್ರಾಯಕ್ಕೆ ಬಂದಿಲ್ಲವೆಂದು ಗಲ್ಲಿನಿಂದ ಪಾರಾದ.

ನಿರಂಜನರು ಹತ್ತಿರದ ನೀಲೇಶ್ವರದಲ್ಲಿ ಹೈಸ್ಕೂಲು ಓದಿದವರು, ಚಳವಳಿಯ ಒಳಗಿದ್ದವರು. ಬೇಕೆಂದಿದ್ದರೆ ವಿಚಾರಣೆ ಮತ್ತು ಗಲ್ಲನ್ನೇ ಹಿಗ್ಗಿಸಿ ಕಣ್ಣೀರಿನ ಕಾದಂಬರಿ ಬರೆಯಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅವರ ಮನಸ್ಸು ನಿಲ್ಲುವುದು ಅಪ್ಪು, ಚಿರುಕಂಡ ಎಂಬ ಹುಡುಗರು ಬೆಳೆಯುವ ಕಾಲದಲ್ಲಿ. ಶಾಲೆ, ಕಣ್ಣು ತೆರೆಸುವ ಮಾಸ್ತರು, ಮನೆಯ ಬಡತನ, ಸಂಘದ ಮೊದಲ ಅಂಜಿಕೆ. ತಾರೀಖು ಬರುವ ಹೊತ್ತಿಗೆ ಅದು ಹೇಗೆ ತಯಾರಾಯಿತು ಎಂಬುದು ನಮಗೆ ಗೊತ್ತಾಗಿರುತ್ತದೆ.

ಕೆರೊಲೈನಾದ ಗೆಳೆಯರಿಗೆ ಇದು ಹೊಸದಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋದಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕೌಂಟರಿನಲ್ಲಿ ಕೂತರು. ಕ್ಯಾಲೆಂಡರಿನಲ್ಲಿ ಆ ಒಂದು ದಿನವಿದೆ. ಅದರ ಹಿಂದೆ ಹಾಸ್ಟೆಲಿನ ಕೋಣೆಯಲ್ಲಿ ಅವರು ಮಾತಾಡಿಕೊಂಡ ರಾತ್ರಿಗಳಿಗೆ ತಾರೀಖಿಲ್ಲ. ಕಾದಂಬರಿ ಇರುವುದು ಆ ರಾತ್ರಿಗಳಿಗಾಗಿ ಎಂದು ನನಗನಿಸುತ್ತದೆ.

ಇನ್ನೊಂದು ಸಂಗತಿ. ಕಾದಂಬರಿ ಬಂದದ್ದು 1955ರಲ್ಲಿ. ಮರುವರ್ಷ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನಾವು ಇಲ್ಲಿ ಹಾಲ್ ಬಾಡಿಗೆಗೆ ಹಿಡಿದು, ಬಿಸಿಬೇಳೆಭಾತ್ ಬಡಿಸಿ ಆಚರಿಸುವ ರಾಜ್ಯೋತ್ಸವದ ದಿನ ಗಡಿಯ ಆಚೆಗುಳಿದ ಕನ್ನಡಿಗರಿಗೆ ಅಗಲಿಕೆಯ ದಿನವೂ ಹೌದು. ಕಯ್ಯೂರಿನ ರೈತರ ಮಾತು ಮಲಯಾಳ. ಗಡಿಗಾಗಿ ಎರಡು ಭಾಷೆಗಳು ಎಳೆದಾಡುತ್ತಿದ್ದ ಹೊತ್ತಿಗೆ, ಆ ಭಾಷೆಯ ಹುಡುಗರನ್ನು ಕನ್ನಡದ ಲೇಖಕನೊಬ್ಬ ತನ್ನವರೆಂದು ಬರೆದ. ಪುಸ್ತಕ ಮುಂದೆ ಮಲಯಾಳಕ್ಕೂ ಹೋಯಿತು, ಅಲ್ಲಿನ ಓದುಗರ ಪಾಲಿಗೂ ತಮ್ಮದೇ ಆಯಿತು. ಊರು ಬಿಟ್ಟು ಇಲ್ಲಿ ಕೂತಿರುವ ನಮಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಕಾದಂಬರಿಯಲ್ಲಿ ಕೊರತೆ ಇಲ್ಲವೇ? ಇದೆ. ಮಾಸ್ತರರ ಮಾತು ಕೆಲವೆಡೆ ಪಾಠವಾಗುತ್ತದೆ. ಜಮೀನ್ದಾರರು ಬಹುಮಟ್ಟಿಗೆ ಜಮೀನ್ದಾರರಾಗಿಯೇ ಉಳಿಯುತ್ತಾರೆ, ಮನುಷ್ಯರಾಗುವುದು ಕಡಿಮೆ. ಇಪ್ಪತ್ತರ ಹರೆಯದಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಸಲ ಪುಸ್ತಕ ಮುಚ್ಚಿದ ಮೇಲೂ ನನ್ನನ್ನು ಬಿಡದೆ ಕಾಡಿದ್ದು ಆ ನಾಲ್ವರಲ್ಲ, ಸುಬ್ಬರಾಯ. ಸಂಬಳಕ್ಕೆ ದುಡಿಯುತ್ತಿದ್ದ ಒಬ್ಬ ಪೇದೆ. ದಬ್ಬಾಳಿಕೆಯ ಕೈಯಾಳು ಎಂಬುದು ನಿಜವೇ. ಆದರೆ ಆ ಹೊಳೆಯಲ್ಲಿ ಮುಳುಗಿದ್ದು ವ್ಯವಸ್ಥೆಯಲ್ಲ, ಒಬ್ಬ ಮನುಷ್ಯ. ಚಿರಸ್ಮರಣೆ ಎಂಬ ಹೆಸರು ಅವನಿಗೂ ಸ್ವಲ್ಪ ಜಾಗ ಕೊಡಬೇಕಿತ್ತೇ? ಚಳವಳಿಯ ಬೆಂಕಿ ಆರುವ ಮೊದಲೇ ಬರೆದ ಲೇಖಕನಿಂದ ಇದನ್ನು ಕೇಳುವುದು ಅನ್ಯಾಯವಿರಬಹುದು. ಕೇಳದೆ ಇರುವುದು ಓದುಗನ ಅಪ್ರಾಮಾಣಿಕತೆ.

ಊರಿಂದ ಬಂದ ನೆಂಟರನ್ನು ಕರೆದುಕೊಂಡು ಡೀಸಿಯ ವಿಯೆಟ್ನಾಂ ಸ್ಮಾರಕಕ್ಕೆ ಹೋದಾಗ ಇದೇ ಪ್ರಶ್ನೆ ಮತ್ತೆ ಎದುರಾಯಿತು. ಮಾಯಾ ಲಿನ್ ರೂಪಿಸಿದ, 1982ರಲ್ಲಿ ಅರ್ಪಣೆಯಾದ ಆ ಕರಿಕಲ್ಲಿನ ಗೋಡೆಯಲ್ಲಿ 58,000ಕ್ಕೂ ಹೆಚ್ಚು ಹೆಸರುಗಳಿವೆ. ಅಕಾರಾದಿಯಾಗಿ ಅಲ್ಲ, ಬಿದ್ದ ದಿನದ ಕ್ರಮದಲ್ಲಿ. ಹುಡುಕುವವನಿಗೆ ಇದು ತೊಂದರೆ, ಸೂಚಿ ನೋಡಲೇಬೇಕು. ನಮ್ಮ ಕಸುಬಿನವರು ಯಾರೂ ಹೀಗೆ ಸಾರ್ಟ್ ಮಾಡುತ್ತಿರಲಿಲ್ಲ! ಆದರೆ ಒಂದೇ ದಿನ ಸತ್ತವರು ಅಲ್ಲಿ ಒಟ್ಟಿಗೇ ಇದ್ದಾರೆ. ತಾರೀಖಿನೊಳಗೆ ಹೆಸರುಗಳನ್ನು ತುಂಬಿದ ಬಗೆ ಇದು. ಮನಸ್ಸು ತುಂಬಿ ಬರುತ್ತದೆ. ಆಮೇಲೆ ಹೊಳೆಯುತ್ತದೆ, ವಿಯೆಟ್ನಾಮಿನ ಒಬ್ಬ ರೈತನ ಹೆಸರೂ ಅಲ್ಲಿಲ್ಲ. ಆ ಗೋಡೆಗೂ ತನ್ನದೇ ಸುಬ್ಬರಾಯರಿದ್ದಾರೆ.

ಸ್ಮಾರಕವಾಗಲಿ ಕಾದಂಬರಿಯಾಗಲಿ ತನ್ನವರನ್ನು ನೆನೆಯಲೆಂದೇ ಹುಟ್ಟುತ್ತದೆ. ಅದನ್ನು ತಪ್ಪೆನ್ನಲಾರೆ. ಬಿಟ್ಟುಹೋದವರನ್ನು ನೆನೆಯುವ ಕೆಲಸ ನಂತರ ಬರುವ ಓದುಗನದು. ನಿರಂಜನರು ಆ ಕೆಲಸಕ್ಕೆ ಬೇಕಾದ ಎಲ್ಲವನ್ನೂ ಕೊಟ್ಟಿದ್ದಾರೆ. ಕಾದಂಬರಿ ಇಲ್ಲದಿದ್ದರೆ ನಾನು ಆ ಪೇದೆಯ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ.

ಕೊನೆಗೆ ಪಟ್ಟಿಯಲ್ಲಿ ಒಂದು ಬದಲಾವಣೆ ಮಾಡಿದೆ. ಕಣ್ಣೂರಿನಲ್ಲಿ 29ರ ನಸುಕು ಎಂದರೆ ನಮ್ಮಲ್ಲಿ ಇನ್ನೂ 28ರ ಸಂಜೆ. 28 ಸುಬ್ಬರಾಯ ಸತ್ತ ದಿನ. ಹಾಗಾಗಿ ಎರಡನ್ನೂ ಹಾಕಿದ್ದೇನೆ, ಒಂದರ ಕೆಳಗೊಂದು: 1941ರ ಒಬ್ಬ, 1943ರ ನಾಲ್ವರು, ಐವರ ಹೆಸರೂ ಸಹಿತ. ಸಾಲು ಉದ್ದವಾಯಿತೆಂದು ಸಂಪಾದಕರು ಕತ್ತರಿಸದಿರಲಿ.

‘ಚಿರಸ್ಮರಣೆ’ ಸಿಗದವರು ತಿಳಿಸಿ, ನನ್ನ ಪ್ರತಿಯನ್ನೇ ಅಂಚೆಯಲ್ಲಿ ಕಳಿಸುತ್ತೇನೆ. ಅಟ್ಲಾಂಟಾಕ್ಕೆ ಹೋದ ನನ್ನ ಇನ್ನೆರಡು ಪುಸ್ತಕಗಳು ಮಾತ್ರ ಮೊದಲು ವಾಪಸ್ ಬರಲಿ!