ಮೊಸರಿಗೇಕೆ ಲಸಿಕೆಯ ವೇಷ?

ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಜನ ಮೊಸರನ್ನವನ್ನು ರುಚಿಗೆಂದು ತಿನ್ನುತ್ತಿದ್ದರು, ಹೊಟ್ಟೆ ತಣ್ಣಗಿರಲಿ ಎಂದು ತಿನ್ನುತ್ತಿದ್ದರು. ಕೋವಿಡ್ ಬಂದುಹೋದ ಮೇಲೆ ಅದೇ ಬಟ್ಟಲಿಗೆ ಇಮ್ಯುನಿಟಿಯ ಹಣೆಪಟ್ಟಿ ಬಿದ್ದಿದೆ. ಮುಲುಂಡಿನಿಂದ ವಸಾಯಿಯವರೆಗೆ ನಮ್ಮ ಕನ್ನಡಿಗರ ಮನೆಗಳಲ್ಲಿ ಈಗ ಎರಡು ಪಕ್ಷ. ಫ್ರಿಜ್ಜಿನ ಬಾಗಿಲಲ್ಲಿ ಪುಟ್ಟ ಪ್ರೋಬಯಾಟಿಕ್ ಬಾಟಲಿಗಳನ್ನು ಸಾಲಾಗಿ ನಿಲ್ಲಿಸುವವರು ಒಂದು ಕಡೆ. ‘ಅದೆಲ್ಲ ದುಡ್ಡಿನ ದಂಡ, ಅಜ್ಜಿ ಹೆಪ್ಪು ಹಾಕುತ್ತಿದ್ದ ಮೊಸರೇ ಅಸಲಿ ಪ್ರೋಬಯಾಟಿಕ್’ ಎನ್ನುವವರು ಇನ್ನೊಂದು ಕಡೆ. ಜಗಳ ಎಷ್ಟೇ ಜೋರಾಗಿರಲಿ, ಮೊಸರು ತಿಂದರೆ ರೋಗ ಹತ್ತಿರ ಸುಳಿಯದು ಎಂಬಲ್ಲಿ ಇಬ್ಬರದೂ ಒಂದೇ ಮಾತು. ನನ್ನ ತಕರಾರು ಆ ಒಂದೇ ಮಾತಿನ ಮೇಲೆ. (ರಾತ್ರಿ ಮೊಸರು ತಿಂದರೆ ನೆಗಡಿ ಎಂದು ಗದರಿಸುವ ಹಿರಿಯರ ಮೂರನೆಯ ಪಕ್ಷವೂ ಇದೆ. ಅವರ ಪುರಾವೆಯೂ ಅಷ್ಟಕ್ಕಷ್ಟೆ.)

ಅಜ್ಜಿಯ ಪಕ್ಷವನ್ನೇ ಮೊದಲು ನೋಡೋಣ. ಯಾವ ತಳಿಯ ಬ್ಯಾಕ್ಟೀರಿಯಾ, ಎಷ್ಟು ಜೀವಂತವಾಗಿದೆ, ಅದರಿಂದ ಮನುಷ್ಯರಿಗೆ ಏನು ಲಾಭವಾಯಿತು ಎಂಬ ಲೆಕ್ಕ ಇದ್ದರೆ ಮಾತ್ರ ಅದು ಪ್ರೋಬಯಾಟಿಕ್. ಮನೆಯ ಹೆಪ್ಪಿಗೆ ಈ ಲೆಕ್ಕ ಇಲ್ಲ. ಅದರೊಳಗಿನ ಸಂಸಾರ ಮನೆಗೊಂದು, ಋತುವಿಗೊಂದು. ಮೇ ತಿಂಗಳ ಸೆಕೆಯಲ್ಲಿ ಮಧ್ಯಾಹ್ನಕ್ಕೇ ಹುಳಿ ಹೊಡೆಯುವ ಮೊಸರೂ ಜನವರಿಯಲ್ಲಿ ಬೆಳಗಾದರೂ ಸರಿಯಾಗಿ ಕೂರದ ಮೊಸರೂ ಒಂದೇ ಪದಾರ್ಥವಲ್ಲ. ಇನ್ನು ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿಯುವವರ ಡಬ್ಬಿ ತೆರೆದು ನೋಡಿ: ಅನ್ನಕ್ಕೆ ಹಾಲೇ ಹೆಚ್ಚು, ಮೊಸರು ಒಂದು ಚಮಚ. ಊಟದ ಹೊತ್ತಿಗೆ ಹುಳಿಯಾಗಬಾರದೆಂಬ ಜಾಣತನ ಅದು. ಬ್ಯಾಕ್ಟೀರಿಯಾದ ಎಣಿಕೆ ಯಾರ ತಲೆಯಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ. ಮಜ್ಜಿಗೆಹುಳಿಯಂತೂ ಒಂದು ಕುದಿ ಬರುವಷ್ಟರಲ್ಲಿ ಪೂರ್ತಿ ನಿರ್ಜೀವ. ಹಾಗೆಂದು ಅದನ್ನು ಬಿಟ್ಟವರುಂಟೆ?

ಬಾಟಲಿಯ ಪಕ್ಷದವರ ಕೈಯಲ್ಲಿ ಪ್ರಯೋಗಗಳಿವೆ, ಒಪ್ಪೋಣ. ಕೋಲ್ಕತ್ತದ ಕೊಳೆಗೇರಿಯೊಂದರಲ್ಲಿ ಒಂದರಿಂದ ಐದು ವರ್ಷದ 3,758 ಮಕ್ಕಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ ಶಿರೋಟಾ ಎಂಬ ತಳಿಯ ಬ್ಯಾಕ್ಟೀರಿಯಾ ಇರುವ ಪಾನೀಯ, ಉಳಿದವರಿಗೆ ಅದಿಲ್ಲದ ಪೌಷ್ಟಿಕ ಪಾನೀಯ. ಕುಡಿಸಿದ್ದು ಹನ್ನೆರಡು ವಾರ, ಕಾದು ನೋಡಿದ್ದು ಮತ್ತೆ ಹನ್ನೆರಡು ವಾರ. ಭೇದಿಯಾದವರು ಮೊದಲ ಗುಂಪಿನಲ್ಲಿ 608, ಎರಡನೆಯದರಲ್ಲಿ 674. ಸಂಶೋಧಕರ ಲೆಕ್ಕದಲ್ಲಿ ರಕ್ಷಣೆ ಶೇಕಡಾ 14. ಶುದ್ಧ ನೀರಿಗೆ ತತ್ವಾರವಿರುವ ಕಡೆ ಇದು ಸಣ್ಣ ಮಾತಲ್ಲ. ಆದರೆ ಅದು ಆ ತಳಿಯ, ಆ ಪ್ರಮಾಣದ, ಆ ಮಕ್ಕಳ, ಆ ಭೇದಿಯ ಲೆಕ್ಕ. ಪೊವಾಯಿಯ ಮೂವತ್ತನೆಯ ಮಹಡಿಯಲ್ಲಿ ಕೂತವರ ಮಳೆಗಾಲದ ನೆಗಡಿಗೆ, ಡೆಂಗ್ಯೂಗೆ ಅದನ್ನು ತಂದು ಅಂಟಿಸುವುದು ಯಾವ ನ್ಯಾಯ?

ಹಾಗೆ ಅಂಟಿಸಲು ಹೋದವರು ಹೊರದೇಶಗಳಲ್ಲಿ ಮುಗ್ಗರಿಸಿದ್ದಾರೆ. ಇದೇ ಶಿರೋಟಾ ತಳಿ ಶ್ವಾಸನಾಳದ ಮೇಲ್ಭಾಗವನ್ನು ಸೋಂಕಿನಿಂದ ಕಾಯುತ್ತದೆಂಬ ವಾದಕ್ಕೆ ಪುರಾವೆ ಸಾಲದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿತು. ಅದೇ ವರ್ಷ ಅಮೆರಿಕದಲ್ಲಿ ಡ್ಯಾನನ್ ಕಂಪನಿ, ತನ್ನ ಪಾನೀಯ ನೆಗಡಿ-ಫ್ಲೂ ತಡೆಯುತ್ತದೆಂಬ ಜಾಹೀರಾತನ್ನು ಕೈಬಿಡಲು ಒಪ್ಪಿ, 39 ರಾಜ್ಯಗಳಿಗೆ 2.1 ಕೋಟಿ ಡಾಲರ್ ಕಟ್ಟಿತು. ಪ್ರೋಬಯಾಟಿಕ್ಕುಗಳಿಂದ ನೆಗಡಿ ತುಸು ಕಡಿಮೆಯಾದೀತು ಎನ್ನುವ ಪ್ರಯೋಗಗಳೂ ಇವೆ. ತಳಿಗಳು ಬೇರೆ ಬೇರೆ, ಪುರಾವೆ ಗಟ್ಟಿಯಿಲ್ಲ. ಜೀವಂತ ಮೊಸರಿನ ಪರವಾಗಿ ಯುರೋಪ್ ಒಪ್ಪಿದ್ದು ಹಾಲು ಒಗ್ಗದವರಿಗೆ ಲ್ಯಾಕ್ಟೋಸ್ ಜೀರ್ಣಿಸಲು ಅದು ನೆರವಾಗುತ್ತದೆ ಎಂಬುದನ್ನು. ಚಹಾದ ಹಾಲಿಗೂ ಹೊಟ್ಟೆಯುಬ್ಬರ ಬರುವವರನ್ನು ಕೇಳಿ, ಅದರ ಬೆಲೆ ಹೇಳುತ್ತಾರೆ.

ಮೊಸರಿನ ಮೇಲಿನ ಈ ನಂಬಿಕೆಯ ಮೂಲಪುರುಷ ಇಲ್ಯಾ ಮೆಚ್ನಿಕಾಫ್. ರಕ್ತದ ಕಣಗಳು ರೋಗಾಣುವನ್ನು ನುಂಗುವುದನ್ನು ತೋರಿಸಿ 1908ರಲ್ಲಿ ನೊಬೆಲ್ ಪಡೆದವನು. ಹುಳಿ ಹಾಲು ಕುಡಿದರೆ ಮುಪ್ಪು ಮುಂದಕ್ಕೆ ಹೋಗುತ್ತದೆಂದು ಸಾರಿದವನೂ ಅವನೇ. ಮೊದಲಿನದಕ್ಕೆ ಪ್ರಯೋಗವಿತ್ತು, ಎರಡನೆಯದಕ್ಕೆ ಹೆಚ್ಚಾಗಿ ಉತ್ಸಾಹ. ಅವನ ಶಿಷ್ಯ ವಾಲ್ಡೆಮಾರ್ ಹಾಫ್ಕಿನ್ ಪ್ಲೇಗ್ ಕಾಲದ ಮುಂಬಯಿಗೆ ಬಂದು ಲಸಿಕೆ ತಯಾರಿಸಿದ. 1897ರ ಜನವರಿ 10ರಂದು ತನಗೇ ಚುಚ್ಚಿಕೊಂಡ. ಅದೇ ತಿಂಗಳು ಭಾಯಖಳಾ ಜೈಲಿನಲ್ಲಿ, ಒಂದೇ ಗೋಡೆಯೊಳಗೆ, ಲಸಿಕೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದ. ರೋಗ ತಡೆಯುತ್ತದೆ ಎನ್ನುವ ಮಾತನ್ನು ಈ ಊರಿನಲ್ಲಿ ಸಾಧಿಸಿ ತೋರಿದ ಕ್ರಮ ಅದು. ಗುರುವಿನ ಮೊಸರಿಗೆ ಶಿಷ್ಯನ ಪರೀಕ್ಷೆಯಿಂದ ರಿಯಾಯಿತಿ ಯಾಕೆ?

ಹಾಫ್ಕಿನ್ ಹೆಸರಿನ ಸಂಸ್ಥೆ ಪರೇಲಿನಲ್ಲಿದೆ. ಅಲ್ಲಿಯೇ ಟಾಟಾ ಸ್ಮಾರಕ ಆಸ್ಪತ್ರೆಯೂ ಇದೆ. ಕರ್ನಾಟಕದಿಂದಲೂ ಕ್ಯಾನ್ಸರ್ ರೋಗಿಗಳು ಅಲ್ಲಿಗೆ ಬರುತ್ತಾರೆ. ಕೀಮೋದಿಂದ ಬಿಳಿ ರಕ್ತಕಣ ಕುಸಿದವರಿಗೆ ‘ಶಕ್ತಿ ಬರಲಿ’ ಎಂದು ಪ್ರೋಬಯಾಟಿಕ್ ಬಾಟಲಿ ಒಯ್ಯುವ ನೆಂಟರು ಒಂದು ವಿಷಯ ತಿಳಿದಿರಬೇಕು: ರೋಗನಿರೋಧಕ ಶಕ್ತಿ ನಿಜಕ್ಕೂ ಇಳಿದುಹೋದವರಲ್ಲಿ ಇವೇ ಬ್ಯಾಕ್ಟೀರಿಯಾಗಳು, ಅಪರೂಪಕ್ಕಾದರೂ, ರಕ್ತಕ್ಕೆ ಇಳಿದು ಸೋಂಕು ಮಾಡಿದ್ದುಂಟು. ಡಾಕ್ಟರನ್ನು ಕೇಳದೆ ಕುಡಿಸಬೇಡಿ.