ಬ್ಲೂಸ್ ಗಾಯಕಿಯರ ಶೃಂಗಾರೋಕ್ತಿ

ಅಮೆರಿಕದ ಕಪ್ಪುಜನರ ಬ್ಲೂಸ್ ಗೀತವು 1920ರಲ್ಲಿ ಮೇಮೀ ಸ್ಮಿತ್ ಎಂಬಾಕೆಯ ಕಂಠದಿಂದ ಧ್ವನಿಮುದ್ರಿಕೆಗೆ ಬಂದಿತು. 1923ರಲ್ಲಿ ಮಾ ರೈನಿ, ಬೆಸ್ಸೀ ಸ್ಮಿತ್ ಇವರೂ ಅದೇ ಹಾದಿಯನ್ನು ಹಿಡಿದರು. ಈ ಗಾಯಕಿಯರ ಹಾಡುಗಳಲ್ಲಿ ಹಲವು ಅಶ್ಲೀಲವೆಂಬ ಆಕ್ಷೇಪವುಂಟು. ಆದರೆ ಅಶ್ಲೀಲವು ಅನಿತ್ಯದೋಷ. ಸಂದರ್ಭವನ್ನು ನೋಡದೆ ಅದನ್ನು ದೋಷವೆನ್ನಲಾಗದು.

ಬೆಸ್ಸೀ ಸ್ಮಿತ್ 1929ರಲ್ಲಿ ಹಾಡಿದ ‘ಕಿಚನ್ ಮ್ಯಾನ್’ ಗೀತದಲ್ಲಿ ಒಡತಿಯೊಬ್ಬಳು, ಕೆಲಸ ಬಿಟ್ಟುಹೋದ ಅಡಿಗೆಯವನ ಕೈರುಚಿಯನ್ನು ನೆನೆದು ಹಲುಬುವಳು. ಆ ರುಚಿ ಎಂತಹುದೆಂಬುದನ್ನು ಶ್ಲೇಷವೇ ತಿಳಿಸುವುದು. ಲೂಸಿಲ್ ಬೋಗನ್ 1935ರಲ್ಲಿ ಹಾಡಿದ ‘ಶೇವ್ ಎಮ್ ಡ್ರೈ’ ಗೀತದ ಒಂದು ಪಾಠದಲ್ಲಾದರೋ ಈ ತೆರೆಯೂ ಇಲ್ಲ. ಅದು ಆಗ ಮಾರಾಟಕ್ಕೆ ಬರಲಿಲ್ಲ. ಕಾವ್ಯದೃಷ್ಟಿಯಿಂದ ಮೊದಲನೆಯದೇ ಮೇಲು. ಎಲ್ಲವೂ ವಾಚ್ಯವಾದೊಡನೆ ಧ್ವನಿಯು ಅಡಗುವುದು.

‘ಕಿಚನ್ ಮ್ಯಾನ್’ ಗೀತದ ಮಾತು ಆಂಡಿ ರಜಾಫ್ ಎಂಬ ಪುರುಷನದು. ಆದುದರಿಂದ ಇದು ಹೆಣ್ಣಿನ ನುಡಿಯಲ್ಲವೆಂದು ವಾದಿಸಬಹುದು. ಆದರೆ ಹಾಡಿಗೆ ಪ್ರಾಣ ಬರುವುದು ಕಂಠದಲ್ಲಿ. 1865ರಲ್ಲಿ ದಾಸ್ಯವು ರದ್ದಾಗುವವರೆಗೆ ದಕ್ಷಿಣ ಸಂಸ್ಥಾನಗಳಲ್ಲಿ ದಾಸಿಯ ದೇಹವು ಶಾಸನರೀತ್ಯಾ ಒಡೆಯನ ಸೊತ್ತಾಗಿದ್ದಿತು. ಅಂತಹ ಜನಾಂಗದ ಹೆಣ್ಣುಮಕ್ಕಳು ತಮ್ಮ ಬಯಕೆಯನ್ನು ತಾವೇ ನುಡಿದು, ಗಂಡಿನ ಗುಣದೋಷಗಳನ್ನು ತಾವೇ ಎಣಿಸಿ ನಕ್ಕರು. ಈ ನಗೆಯನ್ನು ಬಿಟ್ಟು ಪದಗಳನ್ನು ಮಾತ್ರ ತೂಗುವ ವಿಮರ್ಶೆಯು ಅಪೂರ್ಣವಾದುದು.